ಗಿಬ್ಸಣ್ಣನ ಎಡೆ

ನಮ್ಮ ಅತ್ತೆಯ ಹೆಸರು ಗಿಡ್ಡಮ್ಮ. ಆಳು ಮಾತ್ರ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹಳೇಬೀಡಿನ ಪಕ್ಕದ ಹಳ್ಳಿಯಿಂದ ಬಾಣಾವರಕ್ಕೆ ಸೊಸೆಯಾಗಿ ಬಂದವರು. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದ ಮೇಲೆ ತೆಂಗಿನ ತೋಟ, ರಾಗಿ ಹೊಲ ಎರಡನ್ನೂ ಒಬ್ಬರೇ ನಿಭಾಯಿಸಿ ಮಗನನ್ನು ಓದಿಸಿದರು. ಈಗ ಎಂಬತ್ತು ದಾಟಿದ್ದರೂ ಅಡುಗೆಮನೆಯಲ್ಲಿ ನನ್ನ ತಪ್ಪು ಹುಡುಕುವ ಕಣ್ಣಿಗೆ ಪೊರೆ ಬಂದಿಲ್ಲ.

ಅವರು ಯಾರಿಗೂ ಬಿಟ್ಟುಕೊಡದ ಕೆಲಸ ಒಂದಿದೆ. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದ ಹಿರಿಯರಿಗೆ ಬಾಳೆಲೆಯಲ್ಲಿ ಎಡೆ ಇಡುತ್ತೇವಲ್ಲ, ಆ ಸಾಲಿನ ಕೊನೆಯಲ್ಲಿ ಗಿಬ್ಸಣ್ಣ ಎಂಬವರಿಗೂ ಒಂದು ಎಲೆ. ಎಲ್ಲರಿಗೂ ಬಡಿಸುವ ವಡೆ, ಕಜ್ಜಾಯ, ಮಾಂಸದ ಸಾರಿನ ಜೊತೆಗೆ ಅವರಿಗೆ ಒಂದು ಬನ್ನು, ಪಿಂಗಾಣಿ ಕಪ್ಪಿನಲ್ಲಿ ಟೀ. ಮದುವೆಯಾದ ಹೊಸದರಲ್ಲಿ, ಯಾರೋ ಮರೆತಿಟ್ಟ ಟೀ ಅಂದುಕೊಂಡು ಎತ್ತಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೆ.

ಗಿಬ್ಸಣ್ಣ ನಮ್ಮ ವಂಶದವರಲ್ಲ. ಗಿಬ್ಸನ್ ಎಂಬ ಇಂಗ್ಲೆಂಡಿನವರು, ಇಲ್ಲಿನ ರೈಲು ಹಳಿಯ ಮೇಲ್ವಿಚಾರಕರು. ಊರಿಗೆ ಪ್ಲೇಗ್ ಬಂದು ಜನರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಅತ್ತೆಯ ಮಾವ ರಾಮಣ್ಣ ಆಗ ಸಣ್ಣ ಹುಡುಗ, ಜ್ವರದಲ್ಲಿ ಬಿದ್ದಿದ್ದ. ಮುಟ್ಟಲು ಹೆದರಿ ಎಲ್ಲರೂ ದೂರ ನಿಂತಾಗ ಗಿಬ್ಸನ್ ಹುಡುಗನನ್ನು ಎತ್ತಿ, ತಮ್ಮ ಟ್ರಾಲಿಯಲ್ಲಿ ಮಲಗಿಸಿ, ಹಳಿಯ ಮೇಲೇ ತಳ್ಳಿಕೊಂಡು ಅರಸೀಕೆರೆಯ ಆಸ್ಪತ್ರೆ ಮುಟ್ಟಿಸಿದರು. ಹುಡುಗ ಬದುಕಿದ. ಕೆಲವೇ ದಿನಗಳಲ್ಲಿ ಗಿಬ್ಸನ್ ಅದೇ ಜ್ವರದಲ್ಲಿ ತೀರಿಕೊಂಡರು. ಅವರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ರಾಮಣ್ಣ ದೊಡ್ಡವರಾದ ಮೇಲೆ ಶುರುಮಾಡಿದ ಈ ಎಡೆಯನ್ನು ಸೊಸೆಗೆ ಒಪ್ಪಿಸಿ ಹೋದರು.

ಈ ಸಲ ನಮ್ಮ ಯಜಮಾನರು ಮೋಹನ್‌ಕುಮಾರ್ ಹಬ್ಬದ ಬೆಳಿಗ್ಗೆಯೇ ತಕರಾರು ತೆಗೆದರು. ಹೈಸ್ಕೂಲು ಮೇಷ್ಟ್ರು; ಎಲ್ಲದಕ್ಕೂ ನಿಯಮ ಬೇಕು. ನಮ್ಮ ಮನೆಯಲ್ಲಿ ಎಡೆಗೆ ಕರೆಯುವಾಗ ಇಂಥವರ ಮಗ ಇಂಥವರು ಬನ್ನಿ ಎಂದು ತಂದೆಯ ಹೆಸರು ಹಿಡಿದೇ ಕೂಗುವುದು ಪದ್ಧತಿ.

“ಅವ್ವ, ಗಿಬ್ಸಣ್ಣನ ಅಪ್ಪ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅಪ್ಪನ ಹೆಸರಿಲ್ದೆ ಕೂಗಿದ್ರೆ ಅವರಿಗೆ ಮುಟ್ಟುತ್ತಾ? ಇಷ್ಟು ವರ್ಷ ಸುಮ್ನೆ ಎಲೆ ಹಾಕಿದ್ದಾಯ್ತು. ಇನ್ನು ಸಾಕು.”

ಅತ್ತೆ ಜಗಳಕ್ಕೆ ನಿಲ್ಲುತ್ತಾರೆ ಎಂದು ಕಾದೆ. ಅವರು ಕೈಯಲ್ಲಿದ್ದ ವಡೆಯ ಹಿಟ್ಟನ್ನು ಬಿಟ್ಟು ಗೋಡೆಗೆ ಒರಗಿ ಕುಳಿತರು. “ಹಂಗಾರೆ ಇಷ್ಟು ವರ್ಷ ಅವ್ರು ಉಪವಾಸ ಇದ್ರಾ?” ಎಂದರು. ಆ ದನಿ ಕೇಳಿ ನನಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಒಲೆ ಮುಂದೆ ಬೇಯುವವರು ನಾವು, ನಿಯಮ ಮಾತ್ರ ಇವರದು!

ಮಗಳು ಬಿಂದುಶ್ರೀ ಬೇಲೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಹಬ್ಬಕ್ಕೆ ಬಂದು ಕಾಯಿ ತುರಿಯುತ್ತಿದ್ದವಳು ತಲೆಯೆತ್ತಿದಳು.

“ಅಜ್ಜಿ, ಆ ಹೆಸರಲ್ಲೇ ಅಪ್ಪ ಇದಾನೆ. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದೇ ಹೆಸರಿನವರು ಹೆಚ್ಚಾದಾಗ ಗುರುತಿಗೆ ಅಂತ ಅಪ್ಪನ ಹೆಸರು ಸೇರಿಸಿ ಕರೀತಿದ್ರು. ಗಿಲ್ಬರ್ಟ್ ಅನ್ನೋನನ್ನ ಮುದ್ದಿಗೆ ಗಿಬ್ ಅಂತಿದ್ರು. ಸನ್ ಅಂದ್ರೆ ಮಗ. ಗಿಬ್‌ನ ಮಗ ಗಿಬ್ಸನ್. ಆಮೇಲೆ ಮೊಮ್ಮಗ, ಮರಿಮಗ ಎಲ್ರಿಗೂ ಅದೇ ಉಳಿದು ಮನೆತನದ ಹೆಸರಾಯ್ತು.”

“ಆ ಗಿಬ್ಬಯ್ಯ ಯಾವ ಕಾಲ್ದೋರು?” ಎಂದರು ಅತ್ತೆ.

“ಇಂಥ ಹೆಸರುಗಳು ನೆಲೆ ನಿಂತಿದ್ದು ಸುಮಾರು ಏಳ್ನೂರು ವರ್ಷದ ಹಿಂದೆ. ನಿಮ್ಮ ಹಳೇಬೀಡಲ್ಲಿ ಹೊಯ್ಸಳರು ಇನ್ನೂ ಆಳ್ತಿದ್ರು.”

ನಾನು ಒಲೆ ಮರೆತು ಯೋಚಿಸಿದೆ. ಹಳೇಬೀಡಿನ ಅರಸರು ಹೋದರು, ಅರಮನೆ ಮಣ್ಣಾಯಿತು. ಅತ್ತ ಎಲ್ಲೋ ಒಬ್ಬ ಅಪ್ಪನ ಮುದ್ದಿನ ಹೆಸರು ಮಗನಿಂದ ಮಗನಿಗೆ ಬಂದು, ಸಮುದ್ರ ದಾಟಿ, ಬಾಣಾವರದ ನಮ್ಮ ಅಡುಗೆಮನೆಯಲ್ಲಿ ಕೂತಿದೆ. ನನ್ನ ತವರಿನಲ್ಲಿ ಮುತ್ತಜ್ಜನ ಹೆಸರು ಕೇಳಿದರೆ ಹೇಳುವವರಿಲ್ಲ.

ಅತ್ತೆ ಎದ್ದು ನಿಂತರು. “ನೋಡ್ಲಾ, ಅಪ್ಪನ್ನ ಬಿಟ್ಟು ಒಂದ್ಸಲನೂ ಕೂಗಿಲ್ಲ ನಾವು!” ಎಂದು ಮಗನಿಗೆ ಹೇಳಿದವರ ಮುಖ ಮರುಕ್ಷಣವೇ ಬಾಡಿತು. ನನ್ನ ಕಡೆ ತಿರುಗಿದರು. “ಮಂಜುಳಾ, ಮಗನ್ನ ಕೂಗ್ದಾಗೆಲ್ಲ ಅಪ್ಪನ್ನೂ ಕೂಗ್ಬುಟ್ಟಿದ್ದೀವಿ. ಅವ್ರೂ ಬಂದಿರ್ತಾರೆ. ಎಲೆ ಹಾಕಿಲ್ವಲ್ಲೇ!”

ಇನ್ನೊಂದು ಎಲೆ ಎಂದರೆ ಗೊಣಗುವವಳು ನಾನು. ಆ ದಿನ ಹಿತ್ತಲಿಗೆ ಓಡಿ ಒಳ್ಳೆಯ ಕುಡಿಯೆಲೆ ಕೊಯ್ದು ತಂದೆ. ಸಾಲಿನ ಕೊನೆಗೆ ಹಾಕಲು ಹೋದರೆ ಅತ್ತೆ ತಡೆದರು.

“ಹೊಯ್ಸಳ್ರ ಕಾಲ್ದೋರು ಕಣೇ. ನಮ್ಮೋರ್ಗೆಲ್ಲ ಹಿರೀಕ್ರು. ಮೊದ್ಲಲ್ಲಿ ಹಾಕು.”

ರಾಮಣ್ಣನವರ ಎಲೆಯನ್ನೂ ಸರಿಸಿ ಜಾಗ ಮಾಡಿದೆ. ಯಜಮಾನರು ಧೂಪ ಹಾಕಿ ಕೈಮುಗಿದು, “ಗಿಬ್ಬಯ್ಯನವರು...” ಎಂದು ಶುರುಮಾಡಿ ನಿಂತುಬಿಟ್ಟರು. ಮಗಳ ಕಡೆ ನೋಡಿ ಮೆಲ್ಲಗೆ, “ಇವರಪ್ಪ ಯಾರಮ್ಮ?” ಎಂದು ಕೇಳಿದರು.

“ಗೊತ್ತಿಲ್ಲಪ್ಪ. ಅಲ್ಲಿಂದಾಚೆ ಯಾರಿಗೂ ಗೊತ್ತಿಲ್ಲ,” ಎಂದಳು ಬಿಂದು.

ಅತ್ತೆ ಮಗನ ಬೆನ್ನ ಮೇಲೆ ಕೈಯಿಟ್ಟರು.

“ನಮ್ಮೋರು ಅಂತ ಕೂಗು ಕಣ್ಲಾ. ಬತ್ತಾರೆ.”

ಯಜಮಾನರು ಹಾಗೆಯೇ ಕೂಗಿದರು. ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದರು. ಆಮೇಲೆ ನಾವೆಲ್ಲ ಹೊರಗೆ ಬಂದು, ಹಿರಿಯರು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದೆವು.