ಸಾಹೇಬರ ಅಭಿಷೇಕಕ್ಕೆ ಅಣೆಕಟ್ಟಿನ ನೀರು

ನಮ್ಮ ಸಾಹೇಬರು ತೀರಿಕೊಂಡ ದಿನ ಚಳ್ಳಕೆರೆಯ ಅಂಗಡಿಗಳನ್ನು ಮುಚ್ಚಿಸಲು ಹುಡುಗರು ಬೈಕುಗಳಲ್ಲಿ ತಿರುಗಬೇಕಾಯಿತು. ದುಃಖ ತಾಳಲಾರದೆ ತಾವಾಗಿ ಬಾಗಿಲೆಳೆದವರನ್ನು ನಾನಂತೂ ಕಾಣಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಮಾತ್ರ ಊರಿಗೆ ಊರೇ ಸ್ವಯಂಪ್ರೇರಣೆಯಿಂದ ಬಂದ್ ಆಚರಿಸಿತೆಂದು ಬಂತು. ಅವರ ಬದುಕಿನ ಸುದ್ದಿಗಳೆಲ್ಲ ಹೀಗೆಯೇ ತಯಾರಾದವು. ಸಾವಿನದೊಂದು ಬೇರೆಯಾಗುವುದು ಹೇಗೆ?

ನಾನು ಎಸ್ಸೆಸ್ಸೆಲ್ಸಿ ಬರೆದಾಗ ಅವರೇ ನಮ್ಮ ಶಾಸಕರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ಹೇಳಿ ಗಂಟಲು ಸವೆದು ನಿವೃತ್ತಳಾದಾಗಲೂ ಅವರೇ. ನಡುವೆ ಸೋತದ್ದುಂಟು, ಪಕ್ಷ ಬಿಟ್ಟದ್ದುಂಟು, ಬಿಟ್ಟ ಪಕ್ಷಕ್ಕೇ ಮರಳಿ ಹಾರ ಹಾಕಿಸಿಕೊಂಡದ್ದುಂಟು. ಯಾವುದೋ ಒಂದು ಸರ್ಕಾರದಲ್ಲಿ ಕೆಲವು ತಿಂಗಳ ಮಟ್ಟಿಗೆ ವಿದ್ಯುತ್ ಖಾತೆ ಅವರ ಕೈಗೆ ಬಂತು. ಆಗ ಘಟ್ಟದ ಕಡೆಯ ಒಂದು ಅಣೆಕಟ್ಟಿಗೆ ಹೋಗಿ ಬಂದರು. ಅಲ್ಲಿಂದ ಮುಂದೆ ಆ ಅಣೆಕಟ್ಟು ಅವರದೇ ಆಯಿತು. ಪರಶುರಾಂಪುರದ ಸಂತೆಯಲ್ಲಾಗಲಿ, ಬಿ.ಜಿ. ಕೆರೆಯ ಬಸ್ ಸ್ಟ್ಯಾಂಡಿನಲ್ಲಾಗಲಿ, ಮೈಕು ಸಿಕ್ಕಿದರೆ ಒಂದೇ ಮಾತು: "ಘಟ್ಟದಾಗಿನ ಮಳೆನ ಹಿಡಿದು ಕಟ್ಟಿ ಹಾಕಿದೋನು ನಾನು ಕಣ್ರಪ್ಪಾ. ನಿಮ್ಮನ್ಯಾಗೆ ಉರಿಯೋ ಬಲ್ಬು ಐತಲ್ಲ, ಅದು ನನ್ನ ಬೆವರು!"

ಆ ಬಲ್ಬು ಭಾಷಣದ ಹೊತ್ತಿಗೂ ಉರಿಯುತ್ತಿರಲಿಲ್ಲ. ಅವರ ಮೈಕೇ ಜೀಪಿನ ಬ್ಯಾಟರಿಯ ಮೇಲೆ ಕಿರುಚುತ್ತಿತ್ತು.

ಈ ಮಾತನ್ನು ಅಕ್ಷರಶಃ ನಂಬಿದವನೊಬ್ಬ ನಮ್ಮ ಬಳಗದಲ್ಲೇ ಇದ್ದ. ನನ್ನ ಅವ್ವನ ತಮ್ಮ, ನನ್ನ ಸೋದರಮಾವ. ದೇವಸಮುದ್ರದ ಕಡೆ ಅವನಿಗೆ ಒಂದಿಷ್ಟು ಶೇಂಗಾ ಹೊಲ, ಒಂದು ಹಿಂಡು ಕುರಿ. ಘಟ್ಟದಿಂದ ಕರೆಂಟು ಹೊತ್ತು ತರುವ ದೊಡ್ಡ ಲೈನು ಅವನ ಹೊಲದ ನಡುವೆಯೇ ಹಾಯ್ದು ಹೋಗಿದೆ. ಕಬ್ಬಿಣದ ಟವರಿನ ನಾಲ್ಕು ಕಾಲಿಗೆ ಹೊಲದ ಒಳ್ಳೆಯ ಮೂಲೆಯೇ ಹೋಯಿತು. ಉಳಿದವರು ಅಡ್ಡ ಮಲಗಿ ಜಗಳವಾಡುತ್ತಿದ್ದಾಗ ಮಾವ ಕೆಲಸದವರಿಗೆ ಮಜ್ಜಿಗೆ ಕೊಟ್ಟು ಕೂರಿಸಿದ್ದ. "ನಮ್ಮ ಸಾಹೇಬ್ರು ಕಳಿಸ್ತಿರೋ ಬೆಳಕು ನಮ್ಮ ಹೊಲದ ಮ್ಯಾಲೇ ಹೋಗ್ತೈತೆ ಅಂದ್ರೆ ಸಾಮಾನ್ಯನೇನವ್ವಾ?" ಎಂದು ನನ್ನನ್ನು ಕೇಳಿದ್ದ. ತಂತಿ ತಲೆಯ ಮೇಲೆ ಗುಂಯ್ ಎನ್ನುತ್ತ ಬೆಂಗಳೂರಿನ ಕಡೆಗೋ ಇನ್ನೆಲ್ಲಿಗೋ ಹೋಗುತ್ತಿತ್ತು. ಕೆಳಗೆ ಮಾವನ ಗುಡಿಸಲಿನಲ್ಲಿ ಸೀಮೆಎಣ್ಣೆ ಬುಡ್ಡಿ.

ವರ್ಷಕ್ಕೊಂದು ಕಂಬಳಿಯನ್ನು ಅವನು ಸಾಹೇಬರಿಗೆ ಹೊದಿಸುತ್ತಿದ್ದ. ತನ್ನ ಕುರಿಯದೇ ಉಣ್ಣೆ, ಅಂಚಿಗೆ ಕೆಂಪು ಗೆರೆ ಹಾಕಿಸಿ ಚಳ್ಳಕೆರೆಯಲ್ಲಿ ಮುಂದೆ ಕೂತು ನೇಯಿಸಿದ್ದು. ಒಮ್ಮೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ತಿಂಗಳುಗಟ್ಟಲೆ ಯಾರೂ ತಿರುಗಿ ನೋಡದಿದ್ದಾಗ ಊರಿನವರು ಸಾಹೇಬರ ಬೆಂಗಳೂರಿನ ಬಂಗಲೆಗೆ ಹೋದರು. ಮಾತಾಡಲು ಬರುತ್ತದೆಂದು ನನ್ನನ್ನೂ ಕರೆದೊಯ್ದರು. ವರಾಂಡದಲ್ಲಿ ಬೆಳಗಿನಿಂದ ಕಾದೆವು. ಅಲ್ಲೇ ಮೂಲೆಯಲ್ಲಿ ಸಾಹೇಬರ ಕೊಬ್ಬಿದ ನಾಯಿ ಕರಿ ಕಂಬಳಿಯೊಂದರ ಮೇಲೆ ಮಲಗಿತ್ತು. ಅಂಚಿನ ಕೆಂಪು ಗೆರೆ ನೋಡಿದ ಕೂಡಲೇ ಅದು ಯಾರದೆಂದು ನನಗೂ ಗೊತ್ತಾಯಿತು, ಮಾವನಿಗೂ ಗೊತ್ತಾಯಿತು. ನಾನು ಅವನ ಮುಖ ನೋಡಿದೆ. ಅವನು ನಾಯಿಯನ್ನೇ ನೋಡುತ್ತ, "ನಾಯಿಗೂ ಚಳಿ ಆಗ್ತೈತಲ್ಲವ್ವಾ" ಅಂದ.

ಸಾಹೇಬರು ಮಧ್ಯಾಹ್ನ ಹೊರಬಂದು, "ಮಳೆ ಬೆಳೆ ಹೆಂಗೈತ್ರಪ್ಪಾ?" ಎಂದು ಕೇಳಿದರು. ಟ್ರಾನ್ಸ್‌ಫಾರ್ಮರಿನ ಮಾತು ಎತ್ತಿದಾಗ "ಆಗ್ತೈತೆ, ಆಗ್ತೈತೆ" ಎಂದು ಕಾರು ಹತ್ತಿದರು. ಅದು ಆಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಂಥವರಿಗೆ ಈಗ ಪ್ರತಿಮೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಸ್ಮಾರಕ ಸಮಿತಿಯ ಅಧ್ಯಕ್ಷರಾದರು. ಸಾಹೇಬರ ಮಗ ಮುಂದಿನ ಚುನಾವಣೆಗೆ ನಿಲ್ಲುವವನಿದ್ದುದರಿಂದ ಸಮಿತಿಗೆ ಬಹಳ ಅವಸರವಿತ್ತು. ಪೀಠದ ಕಲ್ಲಿಗೆ ನಾಲ್ಕು ಸಾಲು ಬರೆದುಕೊಡಲು ನನ್ನನ್ನು ಕರೆದರು. ಹಳೆಯ ಅಭಿಮಾನಿ ಎಂದು ಮಾವನನ್ನೂ ಸೇರಿಸಿಕೊಂಡಿದ್ದರು. ಕುರ್ಚಿ ಜೋಡಿಸಲು ಜನ ಬೇಕಲ್ಲ. ಆ ಸಭೆಯಲ್ಲಿ ಎಂದೂ ಬಾಯಿ ಬಿಡದ ಮಾವ ಎದ್ದು ನಿಂತು, "ಸಾಹೇಬ್ರು ಕಟ್ಟಿಸಿದ ಡ್ಯಾಮಿನ ನೀರು ತಂದು ಮೊದ್ಲು ಅಭಿಷೇಕ ಮಾಡಿದ್ರೆ ಹೆಂಗೆ?" ಅಂದ. ಸಾಹುಕಾರರ ಕಣ್ಣರಳಿತು. ಪೇಪರಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ಅವರಿಗೆ ಹೊಳೆಯದೇ ಇರುತ್ತದೆಯೇ? ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ನಾಚಿಕೊಂಡು ಕೂತ.

ಒಂದು ಟೆಂಪೊ, ಅರಿಸಿನ ಕುಂಕುಮ ಹಚ್ಚಿದ ಹಿತ್ತಾಳೆ ಬಿಂದಿಗೆಗಳು, ಸಾಹುಕಾರರ ಅಳಿಯನ ಮುಂದಾಳತ್ವ. ಮಾವ ಬಿಳಿ ಟೋಪಿ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟಿದ್ದೆ. ಚಿತ್ರದುರ್ಗ ದಾಟಿ ಶಿವಮೊಗ್ಗದ ದಾರಿಯಲ್ಲಿ ಒಂದು ಖಾನಾವಳಿಯ ಮುಂದೆ ಊಟಕ್ಕೆ ನಿಂತೆವು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡ ಅಳಿಯ ಮಹಾಶಯರು ಡ್ರೈವರಿಗೆ ಹೇಳಿದರು: "ಇಲ್ಲೇ ನಲ್ಲಿ ಐತಲ್ಲ, ತುಂಬಿಸ್ಕೊಂಬುಡ್ರೋ. ಬೇಗ ಮನೆ ಸೇರ್‍ಕಣಣ."

ಮಾವನಿಗೆ ಅರ್ಥವಾಗಲಿಲ್ಲ. "ಡ್ಯಾಮು ಇನ್ನೂ ದೂರ ಐತಲ್ರಿ?" ಎಂದ.

"ನೀರಿನ ಮ್ಯಾಲೆ ಊರಿನ ಹೆಸ್ರು ಬರ್ದಿರ್ತೈತಾ ಯಜಮಾನ್ರೆ? ಕಲ್ಲಿನ ಗೊಂಬೆಗೆ ಯಾವುದಾದ್ರೇನು?"

"ಸಾಹೇಬ್ರಿಗೆ ಸುಳ್ಳು ನೀರು ಹಾಕ್ತೀರಾ?"

ಅಳಿಯ ಎಲೆಯ ಕೆಂಪು ಉಗುಳಿ ನಕ್ಕ. "ನಿಮ್ಮ ಸಾಹೇಬ್ರು ಹುಟ್ಟಿದಾಗಿಂದ ನಮಗೆ ಹಾಕಿದ್ದೇನು, ನಿಜದ್ದಾ?"

ಟೆಂಪೊ ತುಂಬ ನಗು. ಅಲ್ಲಿ ಸಾಹೇಬರನ್ನು ನಂಬಿದವನು ಮಾವ ಒಬ್ಬನೇ ಎಂಬುದು ನನಗೆ ಆಗ ಖಚಿತವಾಯಿತು. ಹಾರ ತಂದವರಿಗೂ, ಜೈಕಾರ ಕೂಗುವವರಿಗೂ, ಪ್ರತಿಮೆ ಮಾಡಿಸುವವರಿಗೂ ಆ ಮನುಷ್ಯನ ಯೋಗ್ಯತೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿಸುತ್ತಿದ್ದರು. ನನಗೆ ಸಾಹೇಬರ ಮೇಲಿದ್ದ ತಿರಸ್ಕಾರ ಆ ಹೊತ್ತಿನಲ್ಲಿ ಈ ನಗುವವರ ಮೇಲೆ ಇನ್ನೂ ಹೆಚ್ಚಾಗಿ ಹರಿಯಿತು.

ಮಾವ ಒಂದು ಬಿಂದಿಗೆಯನ್ನು ಕಂಕುಳಿಗೇರಿಸಿ ರಸ್ತೆಗೆ ಬಂದು ನಿಂತ. "ನೀವು ಹೋಗ್ರಿ. ನಾನು ಬಸ್ಸಿಗೆ ಹೋಗಿ ತರ್ತೀನಿ." ನಾನು ನನ್ನ ಚೀಲ ತೆಗೆದುಕೊಂಡು ಅವನ ಪಕ್ಕ ನಿಂತೆ. ಟೆಂಪೊ ನಲ್ಲಿನೀರು ತುಂಬಿಸಿಕೊಂಡು ಚಳ್ಳಕೆರೆಯ ಕಡೆ ತಿರುಗಿತು.

ಮೂರು ಬಸ್ಸು ಬದಲಿಸಿ, ರಾತ್ರಿ ಒಂದು ಛತ್ರದಲ್ಲಿ ಮಲಗಿ, ಬೆಳಗ್ಗೆ ಅಣೆಕಟ್ಟಿನ ಗೇಟು ಮುಟ್ಟಿದೆವು. ಅಷ್ಟೊಂದು ನೀರನ್ನು ಮಾವ ಹುಟ್ಟಿದ ಮೇಲೆ ನೋಡಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗೇಟಿನ ಪಕ್ಕ ದೊಡ್ಡ ಕಲ್ಲಿನ ಫಲಕವಿತ್ತು. ಕೆಲಸ ಯಾರ ಕಾಲದಲ್ಲಿ ಶುರುವಾಯಿತು, ಯಾರ ಕಾಲದಲ್ಲಿ ಮುಗಿಯಿತು, ಇಂಜಿನಿಯರುಗಳು ಯಾರು, ಎಲ್ಲ ಕೆತ್ತಿದ್ದರು.

"ನಮ್ಮ ಸಾಹೇಬ್ರ ಹೆಸ್ರು ಎಲ್ಲೈತೆ? ಓದವ್ವಾ," ಎಂದ ಮಾವ. ಅವನಿಗೆ ಸಹಿ ಮಾಡುವಷ್ಟೇ ಅಕ್ಷರ.

ನಾನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಇರಲಿಲ್ಲ.

ಕಾವಲಿನವನು ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದ. ನೀರಿನ ಹತ್ತಿರ ಬಿಡುವಂತಿಲ್ಲ ಎಂದ. ಸಾಹೇಬರ ಹೆಸರು ಹೇಳಿದಾಗ ಸ್ವಲ್ಪ ಯೋಚಿಸಿ, "ಓ, ಅವರದ್ದಾ? ಅಲ್ಲಿ ಮೇಲೆ ಬಂಗಲೆ ಹತ್ರ ಒಂದು ಕಲ್ಲಿದೆ ನೋಡಿ," ಎಂದು ಕೈ ತೋರಿಸಿದ.

ಮಾವನ ಮುಖ ಮತ್ತೆ ಬೆಳಗಿತು. ಬಿಂದಿಗೆ ಹಿಡಿದುಕೊಂಡು ನನಗಿಂತ ಮುಂದೆ ಏರು ಹತ್ತಿದ. ಪ್ರವಾಸಿ ಬಂಗಲೆಯ ಹಿಂಭಾಗದಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದ ಗೋಡೆಯಲ್ಲಿ ಆ ಕಲ್ಲು ಸಿಕ್ಕಿತು. ಬಚ್ಚಲ ನೀರು ಸಿಡಿದು ಪಾಚಿ ಕಟ್ಟಿತ್ತು. ಮಾವ ಹೆಗಲ ಟವೆಲಿನಿಂದ ಅದನ್ನು ಒರೆಸಿದ. "ಈಗ ಓದು."

ಓದಿದೆ. ಪ್ರವಾಸಿ ಬಂಗಲೆಯ ನೂತನ ಭೋಜನ ಕೊಠಡಿಯ ಉದ್ಘಾಟನೆಯನ್ನು ಮಾನ್ಯ ಸಚಿವರು ನೆರವೇರಿಸಿದರು ಎಂದಿತ್ತು. ಕೆಳಗೆ ಸಾಹೇಬರ ಹೆಸರು.

"ಇನ್ನೊಂದ್ಸಲ ಓದು."

ಓದಿದೆ.

"ಭೋಜನ ಕೊಠಡಿ ಅಂದ್ರೆ?"

"ಊಟದ ಕೋಣೆ ಮಾವ."

ಅವನು ಕಿಟಕಿಯೊಳಗೆ ಇಣುಕಿದ. ಒಂದು ಉದ್ದನೆಯ ಮೇಜು, ಗಾಜಿನ ಬೀರು, ಗೋಡೆಗೊಂದು ಕಡವೆಯ ಕೊಂಬು. ನಮ್ಮ ತಾಲ್ಲೂಕುಗಳ ಮೇಲೆ ಇಷ್ಟು ವರ್ಷ ಕೂತು ಆಳಿದ ಮನುಷ್ಯನ ಜಲವಿದ್ಯುತ್ ಸಾಧನೆ ಅಷ್ಟೂ ಆ ಕೋಣೆಯಲ್ಲಿತ್ತು. ಅಲ್ಲಿ ಮೊದಲ ಊಟ ಉಂಡವರೂ ಅವರೇ ಇದ್ದಿರಬೇಕು. ಮಾವ ಟವೆಲು ಹಿಂಡಿ ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದ.

ಕೆಳಗೆ ರಸ್ತೆಬದಿಯಲ್ಲಿ ಒಬ್ಬ ಮುದುಕಿಯ ಚಹಾದಂಗಡಿ. ಅಲ್ಲಿ ಕೂತೆವು. ಬಿಂದಿಗೆ ನೋಡಿ ಆಕೆ, "ಪೂಜೆಗೆ ಬಂದ್ರಾ?" ಎಂದು ಕೇಳಿದಳು. ಯಾವ ಊರೆಂದು ನಾನು ಹೇಳಿದೆ.

"ಹಾಗಾರೆ ನಿಮ್ಮ ಕಡೆ ಕರೆಂಟು ಹೋಗೋದೇ ಇಲ್ಲ ಅನ್ನಿ. ನಮ್ಮ ನೀರೆಲ್ಲ ಬಯಲು ಸೀಮೆಗೆ ಬೆಳಕಾಗ್ತದೆ ಅಂತ ಹೇಳೇ ನಮ್ಮನ್ನ ಎಬ್ಬಿಸಿದ್ದು." ನೀರಿನ ಕಡೆ ಗಲ್ಲ ತಿರುಗಿಸಿ, "ಅಗೋ ಅಲ್ಲಿ, ಆ ಬೋಳು ಗುಡ್ಡದ ಬುಡದಲ್ಲಿ ನಮ್ಮ ಗದ್ದೆ. ಮದುವೆಯಾಗಿ ಬಂದ ವರ್ಷವೇ ಮುಳುಗ್ತು," ಎಂದಳು.

"ಈಗ ಇರೋದೆಲ್ಲಿ ತಾಯಿ?" ಮಾವ ಕೇಳಿದ.

"ಇಲ್ಲೇ ಹಿಂದೆ. ಅಣೆಕಟ್ಟು ಕಣ್ಣೆದುರೇ ಇದ್ರೂ ನಮ್ಮ ಕೇರಿಗೆ ಕಂಬ ಬಂದಿದ್ದು ನನ್ನ ಮಗಳಿಗೆ ಮಗಳು ಹುಟ್ಟಿದ ಮೇಲೆ."

"ನಮ್ಮ ಸಾಹೇಬ್ರು ಒಬ್ರು ಬಂದಿದ್ರು ಇಲ್ಲಿಗೆ, ಮಂತ್ರಿಗಳು..." ಎಂದು ಮಾವ ಶುರುಮಾಡಿದ.

"ಬಂದೋರು ಸುಮಾರು ಜನ ಬಿಡಿ. ನಾವು ಗೇಟಿನ ಹೊರಗೆ ನಿಂತು ನೋಡ್ತಿದ್ವಿ. ಎಲ್ಲ ಬಿಳಿ ಬಟ್ಟೆಯವರೇ, ಯಾರು ಯಾರೋ ಗುರ್ತು ಸಿಗಾದಿಲ್ಲ."

ಮಾವ ಟೋಪಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಕಾವಲಿನವನು ಬಿಡದಿದ್ದರೂ ಆಕೆಯ ಮನೆಯ ಹಿಂದಿನಿಂದ ಹಿನ್ನೀರಿಗೆ ಒಂದು ಕಾಲುದಾರಿಯಿತ್ತು. ಆಕೆಯೇ ಮುಂದೆ ನಡೆದು ತೋರಿಸಿದಳು. ಬಿಂದಿಗೆ ತುಂಬಿಸುವ ಮೊದಲು ಮಾವ ಹಿಂತಿರುಗಿ, "ತಗೊಳ್ಳಲಾ ತಾಯಿ?" ಎಂದು ಆಕೆಯನ್ನು ಕೇಳಿದ. ಆಕೆ ನಕ್ಕಳು. "ಇಷ್ಟು ವರ್ಷದಲ್ಲಿ ಕೇಳಿ ತಗೊಂಡೋರು ನೀವೊಬ್ರೇ ಮಾರಾಯ್ರೆ."

ಊರಿಗೆ ಬಂದ ಮೇಲೆ ನಾನು ಸಾಹುಕಾರರಿಗೆ ಪೀಠದ ಬರಹ ಕೊಟ್ಟೆ. ಒಂದೇ ಸಾಲು ಬರೆದಿದ್ದೆ: ಘಟ್ಟದ ಅಣೆಕಟ್ಟಿನ ಪ್ರವಾಸಿ ಬಂಗಲೆಯ ಊಟದ ಕೋಣೆಯನ್ನು ಉದ್ಘಾಟಿಸಿದವರು. ಸಾಹುಕಾರರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಏನ್ ಮೇಡಂ ತಮಾಷೆ ಮಾಡ್ತೀರಿ?" ಅಂದರು. ತಮಾಷೆ ಅಲ್ಲ, ನಾನೇ ಓದಿ ಬಂದದ್ದು ಎಂದೆ. ಅವರು ಬೇರೆ ಯಾರಿಂದಲೋ ಬರೆಸಿಕೊಂಡರು. ಅದರಲ್ಲಿ 'ಆಧುನಿಕ ಭಗೀರಥ' ಎಂದಿದೆ. ಈಗಲೂ ಹೋಗಿ ಓದಬಹುದು.

ಅನಾವರಣದ ದಿನ ರಸ್ತೆಯ ತುಂಬ ಬಣ್ಣದ ದೀಪ. ಬೆಳಕು ಕೊಟ್ಟ ದೊರೆಯ ಪ್ರತಿಮೆ ಬೆಳಗಿಸಲು ಡೀಸೆಲ್ ಜನರೇಟರ್ ಬಾಡಿಗೆಗೆ ತಂದಿದ್ದರು. ಕಂಬದ ಕರೆಂಟನ್ನು ಯಾರೂ ನಂಬುವಂತಿರಲಿಲ್ಲ. ಅದರ ಗದ್ದಲಕ್ಕೆ ಸಾಹೇಬರ ಮಗನ ಭಾಷಣ ಅರ್ಧ ಕೇಳಿಸಿತು, ಕೇಳಿಸಿದಷ್ಟೇ ಹೆಚ್ಚಾಯಿತು. "ನಮ್ಮ ತಂದೆಯವರ ಬೆವರಿನ ಅಣೆಕಟ್ಟೆಯಿಂದ ತಂದ ಪವಿತ್ರ ಜಲ..." ಖಾನಾವಳಿಯ ನಲ್ಲಿನೀರು ಸಾಹೇಬರ ತಲೆಯಿಂದ ಮೂಗಿಗೆ, ಮೂಗಿನಿಂದ ಹೊಟ್ಟೆಗೆ ಇಳಿಯಿತು. ಮೊಳಕಾಲ್ಮೂರಿನ ರೇಷ್ಮೆ ಶಲ್ಯ ನೆನೆದು ಮುದ್ದೆಯಾಯಿತು. ಕ್ಯಾಮೆರಾದವರು ಇನ್ನೊಂದು ಸಲ ಹಾಕಿ ಎಂದರು, ಹಾಕಿದರು.

ಮಾವ ಜನರ ಹಿಂದೆ ತನ್ನ ಬಿಂದಿಗೆ ಹಿಡಿದು ನಿಂತಿದ್ದ. ಅಳಿಯ ಅವನನ್ನು ಕಂಡು ವೇದಿಕೆಯಿಂದಲೇ ಕೈ ಬೀಸಿದ. "ಯಜಮಾನ್ರೇ, ತನ್ನಿ ತನ್ನಿ, ಅದನ್ನೂ ಹುಯ್ದುಬಿಡಣ!" ಜನ ದಾರಿ ಬಿಟ್ಟರು. ಮಾವ ಒಂದು ಹೆಜ್ಜೆಯೂ ಮುಂದಿಡಲಿಲ್ಲ.

"ಇದು ಕೊಡಾಕಿಲ್ರಿ," ಎಂದ.

"ಯಾಕ್ರಿ?"

"ಇದು ನಿಜವಾದ್ದು."

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನೂ ಹಿಂದೆಯೇ ಹೋದೆ. ಬಸ್ಸಿನಲ್ಲಿ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಂಡಕ್ಟರು "ಎಲ್ಲಿ ಗಂಗೆ ಪೂಜೆ?" ಎಂದರೆ ಸುಮ್ಮನೆ ತಲೆಯಾಡಿಸಿದ.  ಸಾಹೇಬರನ್ನು ಬೈಯಲು ನನ್ನ ಬಳಿ ಬೇಕಾದಷ್ಟು ಮಾತಿತ್ತು. ಇಷ್ಟು ವರ್ಷ ನಂಬಿದ್ದನ್ನು ಕಳೆದುಕೊಂಡವನಿಗೆ ಅವುಗಳಿಂದ ಉಪಯೋಗವಿರಲಿಲ್ಲ.

ಮನೆ ಮುಟ್ಟಿದವನೇ ಕುರಿಹಟ್ಟಿಗೆ ಹೋಗಿ ಬಿಂದಿಗೆಯನ್ನು ಕಲ್ಲಿನ ದೋಣಿಗೆ ಬೋರಲು ಹಾಕಿದ. ಮರಿಗಳು ಒಂದರ ಮೇಲೊಂದು ಬಿದ್ದು ಕುಡಿದವು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಸಾಹೇಬರನ್ನು ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ.

"ಅಷ್ಟು ದೂರದಿಂದ ಹೊತ್ಕಂಬಂದು ಕುರಿಗೆ ಹಾಕ್ತೀಯಲ್ಲ, ದೇವ್ರಿಗಾದ್ರೂ ಹಾಕಬಾರ್ದಾ?"

"ಕುಡಿಯೋ ನೀರು ಇದು. ಬಾಯಾರಿದೋರು ಕುಡಿಲಿ," ಎಂದ ಮಾವ. ಆಮೇಲೆ ನನ್ನ ಕಡೆ ತಿರುಗಿ, "ಆ ಹೆಣ್ಮಗಳ ಗದ್ದೆ ಎಷ್ಟು ಚಲೋದಿತ್ತೋ ಏನೋ ಅಲ್ಲೇನವ್ವಾ? ನೀರಿನ ಬುಡದಾಗಿನ ಮಣ್ಣು..." ಎಂದು ಇನ್ನೇನೋ ಹೇಳಲು ಹೊರಟಿದ್ದ.

ಅಷ್ಟರಲ್ಲಿ ಪಕ್ಕದ ಹೊಲದಿಂದ ಯಾರೋ ಕೂಗಿದರು, ತ್ರೀ ಫೇಸು ಬಂತೆಂದು. ಮಾವ ಮಾತನ್ನು ಅಲ್ಲಿಗೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಅದು ಮತ್ತೆ ಹೋಗುವುದರೊಳಗೆ ಮೋಟಾರು ಹಾಕಲು ಬಾವಿಯ ಕಡೆ ಓಡಿದ.