ಕಾರಿನ ಮೂಗಿನ ಮೇಲೆ ಅಷ್ಟಲಕ್ಷ್ಮಿ

ಫೋನ್ ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಆಯುಧಪೂಜೆಯ ಮಾರನೆಯ ಬೆಳಗ್ಗೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಮಗಳ ಲ್ಯಾಪ್‌ಟಾಪ್, ಎಲ್ಲಕ್ಕೂ ಸೇರಿ ಒಂದು ಕಾಯಿ ಒಡೆದರೆ ಸಾಕು ಅಂತ ನಮ್ಮ ಯಜಮಾನರು ಹೇಳಿದ್ದರು. ನಾನು ನಾಲ್ಕು ಒಡೆದಿದ್ದೆ. ಒಡೆದ ಮೇಲೆ ತುರಿಯದೆ ಬಿಡುವ ಹಾಗಿಲ್ಲವಲ್ಲ.

"ಏನೇ, ಕಾರಿನ ಮುಂದುಗಡೆ ಏನಾದರೂ ಇಟ್ಟಿದ್ದೀಯಾ?"

ಅವರದೇ ಧ್ವನಿ, ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದ ಹಾಗಿತ್ತು.

"ಯಾವ ಕಾರು?" ಅಂದೆ. ಕೇಳುತ್ತಿರುವುದು ಯಾವ ಕಾರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರಶ್ನೆಗೆ ಪ್ರಶ್ನೆ ಹಾಕಿದರೆ ಯೋಚಿಸೋದಕ್ಕೆ ಒಂದು ಉಸಿರು ಸಿಗುತ್ತದೆ.

"ನಿನ್ನೆ ಸಂಜೆ ನಾನು ತಂದ ಕಾರು ಕಣೇ, ಪರೀಕ್ಷೆಯದು. ಎದುರಿಗೆ ಏನಾದರೂ ಬಂದರೆ ತಾನಾಗಿ ನಿಲ್ಲಬೇಕು. ನಿಲ್ಲುತ್ತಾ ಇಲ್ಲ. ಮುಂದಿನ ರೇಡಾರ್‌ಗೆ ಏನೋ ಅಡ್ಡ ಇದೆ ಅಂತ ಹಳದಿ ದೀಪ ತೋರಿಸ್ತಿದೆ. ಜಪಾನಿನವರು ಪಕ್ಕದಲ್ಲೇ ನಿಂತಿದ್ದಾರೆ. ನಾಲ್ಕು ಜನ ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಕೂತಿದ್ದಾರೆ, ಯಾರಿಗೂ ಗೊತ್ತಾಗ್ತಿಲ್ಲ."

ಸುಳ್ಳು ಹೇಳಬಹುದಿತ್ತು. ವಿಜಯದಶಮಿಯ ದಿನ, ಸ್ನಾನ ಮಾಡಿ ದೀಪ ಹಚ್ಚಿ ಇನ್ನೂ ಒಂದು ಗಂಟೆ ಆಗಿಲ್ಲ, ಬಾಯಿ ಬರಲಿಲ್ಲ.

"ಲ್ಯಾಪ್‌ಟಾಪ್ ಬಿಟ್ಟು ಸ್ವಲ್ಪ ಬಗ್ಗಿ ನೋಡಿ," ಅಂದೆ. "ಮುಂದಿನ ಕಂಪನಿ ಗುರುತಿನ ಮೇಲೆ ಅಷ್ಟಲಕ್ಷ್ಮಿ ಇದ್ದಾಳೆ. ಉಗುರಿನಿಂದ ಕೆರೆಯಬೇಡಿ, ಗೀರು ಬೀಳುತ್ತೆ. ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ, ತಾನಾಗಿ ಏಳುತ್ತೆ."

ಆ ಕಡೆಯಿಂದ "ಖಲಾಸ್" ಅಂದರು. ಮುಗೀತು ಅಂತ ಅರ್ಥ. ಫೋನ್ ಇಟ್ಟರು.

ನಮ್ಮವರ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಇಲ್ಲಿ ಜಪಾನಿನ ಒಂದು ಕಾರು ಕಂಪನಿಯ ವಾಹನಗಳನ್ನು ಮಾರಿ ರಿಪೇರಿ ಮಾಡುವ ಸಂಸ್ಥೆಯೊಂದಿದೆ. ಅಲ್ಲಿ ಮೆಕ್ಯಾನಿಕ್‌ಗಳಿಗೆ ಪಾಠ ಹೇಳುವವರು ಇವರು. ನಾವು ಮೈಸೂರು ಬಿಟ್ಟು ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಈ ಎರಡು ಕೋಣೆಯ ಮನೆಗೆ ಬಂದು ಹತ್ತು ವರ್ಷವಾಯಿತು. ಜಪಾನಿನಲ್ಲಿ ಯಾರೋ ಏನೋ ಹೊಸದು ಕಂಡುಹಿಡಿದರೆ, ಅದರ ಪಾಠ ಮೊದಲು ನನ್ನ ಅಡುಗೆಮನೆಯಲ್ಲಿ ನಡೆಯುತ್ತದೆ. ಇವರು ಬಾಗಿಲಿಗೆ ಒರಗಿ ನಿಂತು ಹೇಳುವುದು, ನಾನು ತರಕಾರಿ ಹೆಚ್ಚುತ್ತಾ ಹೂಂಗುಟ್ಟುವುದು. "ನಿನಗೆ ಅರ್ಥ ಆದರೆ ಯಾರಿಗಾದರೂ ಅರ್ಥ ಆಗುತ್ತೆ," ಅನ್ನುತ್ತಾರೆ. ಇದು ಹೊಗಳಿಕೆಯಲ್ಲ ಅಂತ ತಿಳಿಯೋದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮೊದಲು ಬಂದದ್ದು ಹಿಂದೆ ನೋಡುವ ಕ್ಯಾಮೆರಾ. "ಜಪಾನಿನವರಿಗೆ ಕತ್ತು ತಿರುಗಲ್ವಾ?" ಅಂದಿದ್ದೆ. ಆಮೇಲೆ ಜೇಬಿನಲ್ಲಿದ್ದರೇ ಬಾಗಿಲು ತೆಗೆಯುವ ಬೀಗದ ಕೈ ಬಂತು. ಅದನ್ನು ನಾನು ಪ್ಯಾಂಟಿನ ಜೊತೆ ವಾಷಿಂಗ್ ಮಷಿನ್ನಿಗೆ ಹಾಕಿಬಿಟ್ಟೆ. ಒಗೆದು, ಹಿಂಡಿ, ಒಣಗಿದ ಮೇಲೂ ಅದು ಕೆಲಸ ಮಾಡಿತು. ದೇವರು ಸಣ್ಣ ಸಣ್ಣ ದಯೆಗಳನ್ನು ಎಲ್ಲೆಲ್ಲಿ ಇಟ್ಟಿರುತ್ತಾನೆ ಅಂತ ಹೇಳೋಕಾಗಲ್ಲ.

ಪೆಟ್ರೋಲೂ ಬ್ಯಾಟರಿಯೂ ಸೇರಿ ಓಡುವ ಕಾರು ಬಂದಾಗ ಇವರಿಗೇ ಪಾಠ ಕಷ್ಟವಾಯಿತು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಮತ್ತೆ ಓಡಿಸಲು ಬಳಸುತ್ತದಂತೆ. ಮೂರು ದಿನ ಹೇಳಿದರು, ನನ್ನ ತಲೆಗೆ ಹೋಗಲಿಲ್ಲ. ನಾಲ್ಕನೇ ದಿನ ನಾನೇ ಅಂದೆ, "ಗ್ಯಾಸ್ ಆರಿಸಿದ ಮೇಲೂ ಕುಕ್ಕರಿನ ಕಾವಿನಲ್ಲೇ ಅನ್ನ ಅರಳೋದಿಲ್ವಾ, ಹಾಗೇ ತಾನೇ?" ಪೂರ್ತಿ ಹಾಗಲ್ಲ ಅಂದರು. ಮಾರನೇ ದಿನ ಕ್ಲಾಸಿನಲ್ಲಿ ಹೇಳಿದ್ದು ಮಾತ್ರ ಅದನ್ನೇ. ಕೇರಳದವರಿಗೂ ಫಿಲಿಪೀನ್ಸ್‌ನವರಿಗೂ ಒಂದೇ ಸಲಕ್ಕೆ ಅರ್ಥವಾಯಿತಂತೆ. ಅನ್ನ ಉಣ್ಣುವ ಜನ.

ಆಮೇಲಿನ ವರ್ಷಗಳಲ್ಲಿ ಕಾರಿಗೆ ಬಾಯಿ ಬಂತು. ಗೆರೆ ದಾಟಿದರೆ ಸ್ಟಿಯರಿಂಗ್ ನಡುಗಿಸಿ ಎಚ್ಚರಿಸುತ್ತದೆ. ಮುಂದಿನ ಗಾಡಿಗೆ ಹತ್ತಿರ ಹೋದರೆ ಕೂಗುತ್ತದೆ. ತುಂಬ ಹೊತ್ತು ಓಡಿಸಿದರೆ ಕಾಫಿ ಲೋಟದ ಚಿತ್ರ ತೋರಿಸಿ, ದಣಿದಿದ್ದೀರಿ, ಸ್ವಲ್ಪ ನಿಲ್ಲಿಸಿ ಅನ್ನುತ್ತದೆ. ಇವರು ಇದನ್ನೆಲ್ಲ ಭಕ್ತಿಯಿಂದ ವಿವರಿಸುತ್ತಿದ್ದರೆ ನನಗೆ ನಗು. ಹತ್ತು ವರ್ಷ, ಅಷ್ಟೊಂದು ಎಂಜಿನಿಯರುಗಳು, ಅಷ್ಟು ದೂರದ ದೇಶದಲ್ಲಿ ಕೂತು ಮಾಡಿದ್ದೇನು? ಪಕ್ಕದ ಸೀಟಿನಲ್ಲಿ ಕೂತ ಹೆಂಡತಿಯನ್ನು. "ನಿಧಾನ, ಮುಂದೆ ನೋಡಿ, ಬೆಲ್ಟ್ ಹಾಕಿಕೊಳ್ಳಿ, ನಿದ್ದೆ ಬರ್ತಿದ್ಯಾ" ಅಂತ ನಾನು ಹೇಳಿದಾಗ ಸಿಡುಕುತ್ತಿದ್ದ ಮನುಷ್ಯ, ಕಾರು ಹೇಳಿದರೆ ತಲೆಬಾಗಿ ಕೇಳುತ್ತಾರೆ.

ಆದರೆ ಈ ವರ್ಷ ನಗುವ ಹಾಗಿರಲಿಲ್ಲ. ಪೂರ್ತಿ ವಿದ್ಯುತ್ತಿನ ಕಾರು ಬಂತು. ಎಂಜಿನ್ನೇ ಇಲ್ಲ. ಬಾನೆಟ್ಟಿಗೆ ಕಿವಿಕೊಟ್ಟು ಸದ್ದು ಕೇಳಿ ರೋಗ ಹೇಳುತ್ತಿದ್ದವರು ಇವರು. ಕೇಳೋದಕ್ಕೆ ಸದ್ದೇ ಇಲ್ಲ. ಪಾಠ ಹೇಳುವವರೂ ಇಷ್ಟು ಜನ ಬೇಡ ಅಂದರು. ಜಪಾನಿನಿಂದ ಹಿರಿಯರೊಬ್ಬರು ಬಂದು ಒಬ್ಬೊಬ್ಬರ ಪಾಠವನ್ನೂ ನೋಡುತ್ತಾರೆ, ಹೊಸ ಕಾರನ್ನು ಕಲಿಸಬಲ್ಲವರು ಉಳಿಯುತ್ತಾರೆ, ಮಿಕ್ಕವರ ವೀಸಾ ಕ್ಯಾನ್ಸಲ್. ಮಗಳು ಹನ್ನೆರಡನೇ ಕ್ಲಾಸು. ನಡುವರ್ಷದಲ್ಲಿ ಅವಳನ್ನು ಎಬ್ಬಿಸಿಕೊಂಡು ಊರಿಗೆ ಹೋಗಿ ಯಾವ ಶಾಲೆಯ ಬಾಗಿಲು ತಟ್ಟುವುದು? ಮನೆಯಲ್ಲಿ ಮೂವರೂ ಈ ಮಾತು ಆಡುತ್ತಿರಲಿಲ್ಲ. ಆಡದೆಯೇ ಅದು ಊಟದ ಮೇಜಿನ ಮೇಲೆ ಕೂತಿರುತ್ತಿತ್ತು.

ಪರೀಕ್ಷೆ ಜೆಬೆಲ್ ಅಲಿ ಕಡೆಯ ಖಾಲಿ ಅಂಗಳದಲ್ಲಿ, ನಮ್ಮ ಮನೆಗೆ ಹತ್ತಿರ. ಅದಕ್ಕೇ ಹಿಂದಿನ ಸಂಜೆ ಕಾರನ್ನು ಮನೆಗೆ ತಂದು ನಿಲ್ಲಿಸಿದರು. ನಾನು ಕುಂಕುಮದ ಬಟ್ಟಲು ಹಿಡಿದು ಇಳಿದದ್ದೇ ತಡ, ಅಡ್ಡ ನಿಂತರು.

"ಇದು ನಮ್ಮ ಕಾರಲ್ಲ, ಆಫೀಸಿನದು. ಕುಂಕುಮ ಬೇಡ, ಹೂ ಬೇಡ, ಚಕ್ರದ ಕೆಳಗೆ ನಿಂಬೆಹಣ್ಣು ಬೇಡವೇ ಬೇಡ."

"ಆಯ್ತು," ಅಂದೆ. ಗಂಡನ ಮಾತು ಮೀರಬಾರದು. ಕುಂಕುಮ ಇಡಲಿಲ್ಲ, ಹೂ ಮುಡಿಸಲಿಲ್ಲ, ನಿಂಬೆಹಣ್ಣು ಇಡಲಿಲ್ಲ. ಆದರೆ ಬರ್ ದುಬೈನ ದೇವಸ್ಥಾನದ ಗಲ್ಲಿಯಲ್ಲಿ ಕೊಂಡ ಒಂದು ಅಷ್ಟಲಕ್ಷ್ಮಿಯ ಬಿಲ್ಲೆ ಪೂಜೆಗೂಡಿನಲ್ಲಿತ್ತು. ಅಂಗೈ ಅಗಲ, ತೆಳ್ಳನೆ ಬೆಳ್ಳಿಯ ಹಾಳೆ, ಹಿಂದೆ ಅಂಟು. ಅದನ್ನು ಅವರು ಬೇಡ ಅಂದಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಇಳಿದು ಹೋದೆ. ಈ ಹೊಸ ಕಾರುಗಳ ಮುಂದಿನ ಗುರುತು ಗಾಜಿನ ಹಾಗೆ ನುಣುಪು. ಲಕ್ಷ್ಮಿಗೆಂದೇ ಮಾಡಿಸಿದ ಹಾಗಿದೆ ಅಂದುಕೊಂಡು ಒತ್ತಿ ಅಂಟಿಸಿದೆ. ಇವರ ಕೆಲಸ ಉಳಿಸಮ್ಮ, ಮಗಳ ಪರೀಕ್ಷೆ ಮುಗಿಯೋವರೆಗಾದರೂ, ಅಂತ ಕೈಮುಗಿದೆ.

ಬೆಳಗ್ಗೆ ಇವರು ಕಾರನ್ನು ಸುತ್ತು ಹಾಕಿ ನೋಡಿದ್ದನ್ನು ಬಾಲ್ಕನಿಯಿಂದ ನೋಡಿದೆ. ಹುಡುಕಿದ್ದು ಕೆಂಪನ್ನು. ಬೆಳ್ಳಿ ಗುರುತಿನ ಮೇಲಿನ ಬೆಳ್ಳಿ ಕಣ್ಣಿಗೆ ಬೀಳಲಿಲ್ಲ. ಮೇಲೆ ನೋಡಿ ಮೆಚ್ಚಿಗೆಯಿಂದ ತಲೆ ಆಡಿಸಿದರು. ನಾನೂ ಆಡಿಸಿದೆ.

ಆ ನುಣುಪಾದ ಗುರುತಿನ ಹಿಂದೆಯೇ ರೇಡಾರ್ ಇರುತ್ತದೆ, ಅದರ ಮೇಲೆ ಏನನ್ನೂ ಅಂಟಿಸಬಾರದು, ಲೋಹವನ್ನಂತೂ ಅಂಟಿಸಲೇಬಾರದು ಅಂತ ಇವರು ನನಗೆ ಹೇಳಿಲ್ಲವೇ ಅಂದರೆ, ಹೇಳಿದ್ದರು. ಎರಡು ಸಲ ಹೇಳಿದ್ದರು. ನಾನು ವಡೆ ಕರಿಯುತ್ತಿದ್ದೆ. ಹೂಂ ಅಂದಿದ್ದೆ.

ಫೋನ್ ಇಟ್ಟ ಮೇಲೆ ನಾಲ್ಕು ಕಾಯಿಯನ್ನೂ ತುರಿದು ಮುಗಿಸಿದೆ. ಎಷ್ಟು ಬೇಕು ಅನ್ನೋ ಲೆಕ್ಕವೇ ಇರಲಿಲ್ಲ. ಪಕ್ಕದ ಮನೆಯಾಕೆ ಮಂಗಳೂರಿನ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು, ಅವತ್ತು ರಜೆ. ಹಬ್ಬದ ತಿಂಡಿಯ ಡಬ್ಬಿ ವಾಪಸು ಕೊಡಲು ಬಂದವರು ನನ್ನ ಮುಖ ನೋಡಿದರು.

"ಎಂತ ಮಾರಾಯ್ತಿ, ಇಷ್ಟು ಕಾಯಿ ತುರಿದಿದ್ದೀರಿ? ಮದುವೆ ಉಂಟಾ?"

ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು. ಅವರು ಸಮಾಧಾನ ಹೇಳುವ ಜಾತಿಯಲ್ಲ.

"ಎಂಟು ಲಕ್ಷ್ಮಿಯರನ್ನು ಒಟ್ಟಿಗೆ ಕಣ್ಣಿನ ಮೇಲೆ ಕೂರಿಸಿದರೆ ಕಾರಿಗೆ ಎಂತ ಕಾಣುವುದು? ಒಬ್ಬಳು ಸಾಕಿತ್ತು."

"ನಿಮ್ಮ ಕಾರಿನ ಕನ್ನಡಿಗೆ ಜಪಮಾಲೆ ಇಲ್ವಾ?"

"ಉಂಟು. ಅದರ ಹಿಂದೆ ಕ್ಯಾಮೆರಾ ಉಂಟಂತೆ, ನಿಮ್ಮವರೇ ಹೇಳಿದ್ದು. ನಾನು ತೆಗೆಯಲಿಲ್ಲ. ಆದರೆ ಗಂಡನ ಪರೀಕ್ಷೆಯ ದಿನ ತೆಗೀತಿದ್ದೆ." ಆಮೇಲೆ ಸ್ವಲ್ಪ ಮೆತ್ತಗಾದರು. "ನೀವು ಹೌದು ಅಂತ ಹೇಳಿದಿರಲ್ಲ, ಅದು ಸಾಕು. ನಮ್ಮಲ್ಲಿಯೂ ರೋಗಿ ಏನು ನುಂಗಿದ್ದೇನೆ ಅಂತ ಬಾಯಿಬಿಟ್ಟರೆ ಅರ್ಧ ಬದುಕಿದ ಹಾಗೆ."

ಮಗಳು ಮಧ್ಯಾಹ್ನ ಶಾಲೆಯಿಂದ ಬಂದಳು. ವಿಷಯ ಕೇಳಿ ಬ್ಯಾಗು ಕೆಳಗಿಟ್ಟು, "ಅಮ್ಮಾ, ಫಾಯಿಲ್ ರಿಫ್ಲೆಕ್ಟ್ಸ್ ರೇಡಾರ್. ಇಟ್ಸ್ ಬೇಸಿಕ್ ಫಿಸಿಕ್ಸ್," ಅಂದಳು. ಬೇರೆ ದಿನವಾಗಿದ್ದರೆ ಅಲ್ಲಿಗೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವತ್ತು ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದಳು, ಎದ್ದು ಹೋಗಲಿಲ್ಲ. ನನಗಿಂತ ಅವಳಿಗೇ ಹೆದರಿಕೆ ಹೆಚ್ಚಾಗಿತ್ತು.

ನಾಲ್ಕೂವರೆಗೆ ಇವರು ಬಂದರು. ಬಂದವರು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತೇ ಹೇಳಲು ಶುರುಮಾಡಿದರು. ಬಯ್ಯೋದಿದ್ದರೆ ಇವರು ಮೊದಲು ಕೂರುತ್ತಾರೆ ಅಂತ ನನಗೆ ಗೊತ್ತು, ಉಸಿರು ಬಂತು.

"ಬಗ್ಗಿ ನೋಡಿದೆ. ಇದ್ದಾಳೆ ನಿನ್ನ ಲಕ್ಷ್ಮಿ, ಹಾಯಾಗಿ. ಯಾರಿಗೂ ಕಾಣದ ಹಾಗೆ ಕಿತ್ತು ಜೇಬಿಗೆ ಹಾಕೋಣ ಅಂದುಕೊಂಡೆ. ತಿರುಗಿ ನೋಡಿದರೆ ಆ ಜಪಾನಿನ ಹಿರಿಯರೂ ನನ್ನ ಪಕ್ಕದಲ್ಲೇ ಬಗ್ಗಿ ನಿಂತಿದ್ದಾರೆ."

"ಏನು ಹೇಳಿದಿರಿ?"

"ನಿಜ ಹೇಳಿದೆ. ನನ್ನ ಹೆಂಡತಿ ನನ್ನ ಕೆಲಸ ಉಳೀಲಿ ಅಂತ ಅಂಟಿಸಿದಾಳೆ ಅಂದೆ."

ಆ ಹಿರಿಯರು ನಗಲಿಲ್ಲವಂತೆ. ನಮ್ಮ ಊರಿನಲ್ಲೂ ಹೊಸ ಕಾರಿಗೆ ದೇವಾಲಯದಿಂದ ತಾಯತ ತರುತ್ತಾರೆ, ಅಮ್ಮ ತಂದದ್ದು ನನ್ನ ಕಾರಿನಲ್ಲೂ ಇದೆ, ಆದರೆ ನಾವು ಹಿಂದುಗಡೆ ಅಂಟಿಸುತ್ತೇವೆ ಅಂದರಂತೆ. ಆಮೇಲೆ, ಇದನ್ನು ಕೀಳಬೇಡಿ, ಪಾಠ ಇಲ್ಲಿಂದಲೇ ಶುರುಮಾಡಿ ಅಂದರಂತೆ.

ಹಾಗೇ ಮಾಡಿದರು. ಲಕ್ಷ್ಮಿ ಇದ್ದಾಗ ಕಾರು ನಿಲ್ಲದೆ ಹೋಗಿ, ಪರೀಕ್ಷೆಗೆ ಎದುರಿಗೆ ನಿಲ್ಲಿಸಿದ್ದ ಸ್ಪಂಜಿನ ಬೊಂಬೆಗೆ ಗುದ್ದಿತು. ಕ್ಯಾಂಟೀನಿನಿಂದ ಎಣ್ಣೆ ತರಿಸಿ ಲಕ್ಷ್ಮಿಯನ್ನು ಎಬ್ಬಿಸಿದರು. ಎರಡನೇ ಸಲ ಕಾರು ಬೊಂಬೆಯ ಮುಂದೆ ಒಂದು ಮೊಳ ದೂರದಲ್ಲಿ ನಿಂತಿತು. ಪಾಠ ಕೇಳಲು ಕೂತಿದ್ದ ಮೆಕ್ಯಾನಿಕ್‌ಗಳೆಲ್ಲ ತಮ್ಮ ತಮ್ಮ ಗಿರಾಕಿಗಳು ಅದೇ ಜಾಗದಲ್ಲಿ ಏನೇನು ಅಂಟಿಸಿಕೊಂಡು ಬರುತ್ತಾರೆ ಅಂತ ಹೇಳಲು ಶುರುಮಾಡಿದರಂತೆ. ಫುಟ್‌ಬಾಲ್ ತಂಡದ ಬಿಲ್ಲೆ, ದೃಷ್ಟಿ ತೆಗೆಯುವ ನೀಲಿ ಕಣ್ಣು, ಒಬ್ಬನಂತೂ ತನ್ನದೇ ಫೋಟೋ.

"ಮತ್ತೆ ಫಲಿತಾಂಶ?" ಮಗಳು ಕನ್ನಡದಲ್ಲೇ ಕೇಳಿದಳು.

"ಗಾಡಿ ಹೊರಡುವ ಮುಂಚೆ ಮುಂಭಾಗ ಪರೀಕ್ಷಿಸಲಿಲ್ಲ ಅಂತ ನನಗೆ ಅಂಕ ಕಳೆದರು. ಸರಿಯಾಗೇ ಕಳೆದರು. ಇಲ್ಲಿನ ಜಾಗ ಇನ್ನೊಬ್ಬರಿಗೆ ಹೋಯಿತು." ಮಗಳ ಕೈ ನನ್ನ ಸೆರಗಿನ ತುದಿ ಹಿಡಿದಿತ್ತು. "ಅಬುಧಾಬಿಯಲ್ಲಿ, ಅಲ್ ಮೀನಾ ಹತ್ತಿರದ ಶಾಖೆಯಲ್ಲಿ, ಹೊಸ ಕಾರಿನ ಪಾಠಕ್ಕೆ ಒಬ್ಬರು ಬೇಕಂತೆ. ನೀವು ಹೋಗ್ತೀರಾ ಅಂತ ಕೇಳಿದರು. ಹೋಗ್ತೀನಿ ಅಂದೆ. ವೀಸಾ ಹಾಗೇ ಇರುತ್ತೆ. ಮನೆಯೂ, ಶಾಲೆಯೂ."

ದಿನಾ ಅಬುಧಾಬಿಗೆ ಹೋಗಿಬರೋದು ಅಂದರೆ ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಅಷ್ಟೇ. ಸಂಬಳ ಹೆಚ್ಚಿಲ್ಲ. ಆದರೂ ನಮ್ಮ ಮನೆ ಊರಿನ ಆ ಕಡೆಯ ತುದಿಯಲ್ಲಿರೋದು ಎಂಥ ದಯೆ ನೋಡಿ. ಇನ್ನೊಂದು ತುದಿಯ ದೇರಾದಲ್ಲಿದ್ದಿದ್ದರೆ ಇನ್ನೂ ಮುಕ್ಕಾಲು ಗಂಟೆ ಸೇರುತ್ತಿತ್ತು. ಮೀನಾದಲ್ಲಿ ತರಕಾರಿ ಮಾರುಕಟ್ಟೆಯೂ ಇದೆ. ಶುಕ್ರವಾರ ಸೊಪ್ಪು ತರಬಹುದು. ದಾರಿಯಲ್ಲಿ ತೂಕಡಿಸಿದರೆ ಕಾಫಿ ಲೋಟ ತೋರಿಸಲು ಕಾರಿದೆ, ಅದು ತೋರಿಸದಿದ್ದರೆ ನಾನು ಫೋನ್ ಮಾಡುತ್ತೇನೆ.

ಇವರು ಒಳಗೆ ಬಂದು, ಕೊನೆಗೂ ಕೂತರು. "ನಿನ್ನ ಮೇಲೆ ಸಿಟ್ಟು ಬರಬೇಕು ಕಣೇ. ಕಾರಿನಲ್ಲಿ ಬರ್ತಾ ಪ್ರಯತ್ನ ಮಾಡಿದೆ, ಬರಲಿಲ್ಲ."

"ನಾಳೆ ಮತ್ತೆ ಪ್ರಯತ್ನ ಮಾಡಿ," ಅಂದೆ.

ಮಗಳು ನಗುತ್ತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದ ಸದ್ದು ಅವತ್ತಿನಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿರಲಿಲ್ಲ. ಇನ್ನು ಮೇಲೆ ಇವರು ಐದೂವರೆಗೇ ಮನೆ ಬಿಡಬೇಕು, ಅಷ್ಟು ಹೊತ್ತಿಗೆ ಡಬ್ಬಿ ಸಿದ್ಧವಾಗಬೇಕು. ಇಡ್ಲಿಯೇ ಸುಲಭ. ಅಕ್ಕಿಯ ಡಬ್ಬ ಇಳಿಸಿ, ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಅಳೆದು, ತೊಳೆದು ನೆನೆಹಾಕಿದೆ.