ಹಚ್ಚಿದ ಹಸಿರು

ನಾನು ಜೀನ್ಸ್ ಹೊಲಿಯುವವನು. ರಾಯದುರ್ಗದ ನಮ್ಮ ಓಣಿಯಲ್ಲಿ ಹೊಸ ಬಟ್ಟೆಯನ್ನು ಉಜ್ಜಿ, ಬಣ್ಣ ಬಿಡಿಸಿ, ಹಳೆಯದರಂತೆ ಮಾಡಿ ಕಳಿಸುವುದೇ ದಂಧೆ. ತಾಮ್ರದ ಗುಂಡಿಗಳಿಗೂ ಆಸಿಡ್ ಹಾಕಿ ಹಸಿರು ಬರಿಸುತ್ತೇವೆ. ಇಂಥ ನನ್ನ ಮುಂದೆ ಯಾರಾದರೂ ಏನನ್ನಾದರೂ ತಂದು ಹಳೆಯದು ಅಂದರೆ ನಂಬುತ್ತೇನೆಯೇ? ಸಾಧ್ಯವೇ ಇಲ್ಲ.

ಆದರೂ ನನಗೆ ಹಿಡಿದಿರುವ ಹುಚ್ಚು ಹಳೆಯ ನಾಣ್ಯಗಳದ್ದು, ಅದರಲ್ಲೂ ಬೈಜಾಂಟಿಯಂನ ತಾಮ್ರದ ನಾಣ್ಯಗಳದ್ದು. ರೋಮ್ ಸಾಮ್ರಾಜ್ಯದ ಪೂರ್ವದ ಭಾಗ ಅದು. ಇವತ್ತಿನ ಇಸ್ತಾಂಬುಲ್ ಅದರ ರಾಜಧಾನಿ. ಒಂದು ಬದಿಗೆ ದೊರೆಯ ಮುಖ, ಸುತ್ತ ಅವನ ಹೆಸರು. ಇನ್ನೊಂದು ಬದಿಗೆ ಇಂಗ್ಲಿಷಿನ ಎಮ್ಮಿನಂಥ ದೊಡ್ಡ ಅಕ್ಷರ. ಗ್ರೀಕರ ಲೆಕ್ಕದಲ್ಲಿ ಅದು ನಲವತ್ತು. ಎಷ್ಟೋ ದೊರೆಗಳು ಅದೇ ಅಕ್ಷರ ಹಾಕಿಸಿದರು. ಯಾರ ಕಾಲದ್ದೆಂದು ತಿಳಿಯಬೇಕಾದರೆ ಮುಖದ ಬದಿಯೇ ಬೇಕು. ನನ್ನ ಡಬ್ಬಿಯಲ್ಲಿರುವವೆಲ್ಲ ಅಂಚೆಯಲ್ಲಿ ಬಂದವು, ಅವುಗಳಲ್ಲೂ ಎರಡು ನಕಲು. ನಕಲಿಗಷ್ಟೇ ಇರುವ ಎರಕದ ಗೆರೆ ಅಂಚಿನಲ್ಲಿ ಕಂಡ ದಿನ ಊಟ ಸೇರಲಿಲ್ಲ.

ಹೋದ ವರ್ಷ ಬೆಳುಗುಪ್ಪ ಕಡೆಯ ಕುರಿ ಸಾಕುವ ಮನೆಯ ವಯಸ್ಸಾದ ಹೆಂಗಸೊಬ್ಬರು ನನ್ನ ನಾಣ್ಯದ ಹುಚ್ಚಿನ ಬಗ್ಗೆ ಯಾರಿಂದಲೋ ಕೇಳಿ, ನನ್ನ ಮಿಷನ್ ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೋರಿಸಿದರು.

"ಮಾರಾಕ ಬಂದಿಲ್ರಿ ಅಣ್ಣಾ. ನಮ್ಮನಿಯವ್ರಿಗೆ ಕುರಿ ಕಾಯುವಾಗ ಹಳ್ಳದ ದಂಡ್ಯಾಗ ಸಿಕ್ಕಿತ್ತು. ಈ ಮುಖ ಯಾರ್ದು, ಯಾರ್ದು ಅಂತ ಸಾಯೋತನಕ ಕೇಳಿದ್ರು. ಹೇಳ್ರಿ, ಅಷ್ಟ ಸಾಕು."

ದಪ್ಪ ಹಸಿರು ಹಿಡಿದ ತಾಮ್ರ. ಆ ಹಸಿರಿನಲ್ಲೇ ಒಂದು ಮುಖ, ಹಿಂದೆ ಅದೇ ನಲವತ್ತರ ಅಕ್ಷರ. ಬೈಜಾಂಟಿಯಂನದೇ ಅನಿಸಿತು. ಮರುಕ್ಷಣವೇ ಅನುಮಾನ. ಆ ದೇಶದ ಬಂಗಾರದ ನಾಣ್ಯ ನಮ್ಮ ಕಡೆಗೆ ಬಂದದ್ದುಂಟು. ತಾಮ್ರದ ಕಾಸು ಬೆಳುಗುಪ್ಪದ ಹಳ್ಳಕ್ಕೆ ಬರುವುದೆಂದರೇನು! ಯಾರೋ ಇವರನ್ನು ಮುಂದೆ ಬಿಟ್ಟು ನನಗೆ ಟೋಪಿ ಹಾಕಲು ನೋಡುತ್ತಿದ್ದಾರೆ. ಮಾರುವುದಿಲ್ಲ ಅನ್ನುವುದೂ ಒಂದು ವರಸೆಯೇ. ಡ್ರಾಯರಿನಲ್ಲಿದ್ದ ಭೂತಗನ್ನಡಿ ತೆಗೆಯುವ ಗೋಜಿಗೂ ನಾನು ಹೋಗಲಿಲ್ಲ.

"ಯವ್ವಾ, ಈ ಹಸರು ಹಚ್ಚಿದ್ದು. ನಮ್ಮ ಗುಂಡಿಗೂ ಹಿಂಗ ಹಚ್ತೀವಿ. ಯಾರ್ ಕಳಿಸ್ಯಾರ ನಿಮ್ಮನ್ನ? ಖರೆ ಹೇಳ್ರಿ."

"ಹಂಗಾರ ನಮ್ಮನಿಯವ್ರು ನನಗ ಸುಳ್ಳು ಹೇಳಿದ್ರೇನ್ರಿ?"

"ಅದನ್ನ ಅವ್ರನ್ನ ಕೇಳ್ರಿ," ಅಂದುಬಿಟ್ಟೆ. ಸತ್ತವರ ಬಗ್ಗೆ ಆಡುವ ಮಾತೇ ಅದು? ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವರು ಗಂಟು ಕಟ್ಟಿಕೊಂಡು ಹೊರಟುಹೋದರು.

ವಾರ ಬಿಟ್ಟು ಮತ್ತೆ ಬಂದರು. ಮುಖದಲ್ಲಿ ಗೆದ್ದ ಕಳೆ. ನಾಣ್ಯ ಪೂಜೆಯ ತಂಬಿಗೆಯಂತೆ ಫಳಫಳ ಹೊಳೆಯುತ್ತಿತ್ತು.

"ಹುಣಸೆಹಣ್ಣು, ಉಪ್ಪು, ಇಟ್ಟಂಗಿ ಪುಡಿ ಹಾಕಿ ಮೂರು ದಿನ ತಿಕ್ಕೀನ್ರಿ. ಹಚ್ಚಿದ ಬಣ್ಣ ಆಗಿದ್ರ ಒಂದ ಸಲಕ್ಕ ಹೋಗ್ತಿತ್ತಲ್ರಿ? ಕೈ ಬೊಬ್ಬಿ ಬಂದ್ರೂ ಬಿಡವಲ್ದು! ಈಗ ನೋಡ್ರಿ, ಒಳಗ ತಾಮ್ರನ ಐತಿ. ನಮ್ಮನಿಯವ್ರು ಸುಳ್ಳಾಡಿಲ್ಲ."

ಆಗ ತೆಗೆದೆ ಭೂತಗನ್ನಡಿ. ಅಕ್ಷರದ ಸಂದಿಯಲ್ಲಿ ಇಟ್ಟಿಗೆ ಪುಡಿ ಮುಟ್ಟದ ಕಡೆ ಚೂರು ಹಸಿರು ಉಳಿದಿತ್ತು. ಹಚ್ಚಿದ ಹಸಿರು ಮೇಲೆ ಕೂತಿರುತ್ತದೆ. ಇದರ ಕೆಳಗೆ ಕೆಂಪು ಪದರವಿತ್ತು, ತಾಮ್ರವನ್ನೇ ತಿಂದು ಬೆಳೆದದ್ದು. ನೂರಾರು ವರ್ಷ ಮಣ್ಣಲ್ಲಿದ್ದರೆ ಮಾತ್ರ ಹಾಗಾಗುತ್ತದೆ. ಅಪ್ಪಟ ಅಸಲಿ. ಮುಖ ನೋಡಲು ಮಗುಚಿ ಹಾಕಿದೆ. ಆ ಬದಿ ನುಣ್ಣಗಿತ್ತು.

"ಖರೇವ ಐತ್ರಿ ಯವ್ವಾ," ಅಂದೆ. "ನಿಮ್ಮನಿಯವ್ರು ಹೇಳಿದ್ದು ಖರೆ."

ಅವರು ಸ್ಟೂಲ್ ಎಳೆದುಕೊಂಡು ಕೂತರು. "ಹಂಗಾರ ಈಗ ಹೇಳ್ರಿ. ಮುಖ ಯಾರ್ದು?"

"ಮುಖ ಇಲ್ಲ ಯವ್ವಾ. ತಿಕ್ಕಿದ್ದಕ್ಕ ಹೋಗೇತಿ. ಇನ್ನ ಯಾರಿಗೂ ಹೇಳಾಕ ಆಗಲ್ಲ."

ಅವರು ನಾಣ್ಯ ಇಸಿದುಕೊಂಡು ಹೆಬ್ಬೆರಳಿನಿಂದ ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ ನನ್ನನ್ನು ನೋಡಿದರು.

"ಹಚ್ಚಿದ್ದು ಅಂದವ್ರು ನೀವ ಅಲ್ಲೇನ್ರಿ?"